ಟಿಳಕವಾಡಿಯ ಡಾಂಬರು ಶಾಸನ: ಒಂದು ಪಾಠಪರಿಷ್ಕರಣ

ಬೆಳಗಾವಿ ಸೀಮೆಗೆ ಶಾಸನಗಳ ಬರವಿಲ್ಲ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕಿವೆ. ರಟ್ಟರ ನಾಲ್ಕನೇ ಕಾರ್ತವೀರ್ಯನ 1204ರ ಶಿಲಾಶಾಸನಗಳು ಇಲ್ಲಿಂದ ಬ್ರಿಟಿಷ್ ಮ್ಯೂಸಿಯಮ್ಮಿನ ತನಕ ಹೋಗಿ ಕೂತಿವೆ. ಆದರೆ ಕಲ್ಲನ್ನೂ ತಾಮ್ರವನ್ನೂ ಬಿಟ್ಟು ಡಾಂಬರಿನ ಮೇಲೆ ಬರೆದ ಶಾಸನವೊಂದು ಟಿಳಕವಾಡಿಯ ಮನೆಯೊಂದರಲ್ಲಿ ಗೇಟಿನಿಂದ ಪೋರ್ಚಿನವರೆಗೆ ಹಬ್ಬಿರುವುದು ಈವರೆಗೆ ವಿದ್ವಾಂಸರ ಕಣ್ಣಿಗೆ ಬಿದ್ದಿರಲಿಲ್ಲ. ಕಾಲಿಗೆ ಅಂಟಿದ ಮೇಲೆ ಬಿತ್ತು.

ಕಾಲ: ಏಪ್ರಿಲ್. ಎದುರಿನ ಬೀದಿಗೆ ಡಾಂಬರು ಹಾಕುತ್ತಿದ್ದವರನ್ನು ಯಜಮಾನರು ಕರೆದು, "ಉಳದಿದ್ದ ಮಾಲ್ ಇತ್ತ ಒಳಗ ಹಾಕ್ರಿ, ಚಹಾದ ರೊಕ್ಕ ಕೊಡ್ತೇನಿ" ಎಂದರೆಂಬುದು ಆ ಮನೆಯ ಮೌಖಿಕ ಪರಂಪರೆ. ಶಹಾಬಾದಿ ಫರಸಿ ಅಡಿಯ ಸ್ತರಕ್ಕೆ ಸೇರಿತು. ರೋಲರು ಗೇಟಿನೊಳಗೆ ಹಿಡಿಯಲಿಲ್ಲ. ಸಲಿಕೆಯ ಬೆನ್ನಿನಿಂದ ತಟ್ಟಿ ಮುಗಿಸಿದರು. ಇದಕ್ಕೆ ಸಲಿಕೆಯ ಗುರುತೇ ಪ್ರಮಾಣ.

ಇನ್ನು ಪಾಠ. ಗೇಟಿನ ಬಳಿ ಆಳವಾದ ಒಂದು ಸೊನ್ನೆ ಇದೆ. ಇದನ್ನು ಅನುಸ್ವಾರವೆಂದು ಓದುವವರುಂಟು. ಅಳಿಯಂದಿರ ಬುಲೆಟ್ಟಿನ ಸೈಡ್ ಸ್ಟ್ಯಾಂಡೆಂಬುದು ನಮ್ಮ ಮತ. ಮುಂದೆ ಚೌಕಾಕಾರದಲ್ಲಿ ನಾಲ್ಕು ಚುಕ್ಕಿ: ಅಜ್ಜನವರ ಪ್ಲಾಸ್ಟಿಕ್ ಕುರ್ಚಿ. ಹಿಂದಿನವೆರಡು ಮುಂದಿನವುಗಳಿಗಿಂತ ಆಳವಾಗಿವೆ, ಅಂದರೆ ಅಜ್ಜನವರು ಒರಗಿದ್ದರು. ಪೇಪರ್ ಓದುತ್ತಿದ್ದೆ ಎಂಬ ಅವರ ಹೇಳಿಕೆಯನ್ನು ಈ ಆಂತರಿಕ ಸಾಕ್ಷ್ಯ ತಳ್ಳಿಹಾಕುತ್ತದೆ. ಅರ್ಧಚಂದ್ರದಂತೆ ಖಡಿ ಕಿತ್ತು ಬಂದ ಕಡೆ ಕಾರನ್ನು ನಿಲ್ಲಿಸಿಕೊಂಡೇ ಸ್ಟೇರಿಂಗ್ ತಿರುಗಿಸಿದ್ದಾರೆ. ಆಮೇಲಿನದು ಎಡಗಾಲಿನ ಹವಾಯಿ ಚಪ್ಪಲಿ. ಚಪ್ಪಲಿಯ ಗುರುತಲ್ಲ, ಚಪ್ಪಲಿಯೇ. ಅಲ್ಲಿಂದ ಮುಂದೆ ಶಾಸನ ತ್ರುಟಿತವಾಗಿದೆ: ಬಲಗಾಲಿನದಕ್ಕೆ ಮೆತ್ತಿದ್ದನ್ನು ಯಾರೋ ಅಲ್ಲೇ ನಿಂತು ಸೀಮೆಎಣ್ಣೆ ಸುರಿದು ತೊಳೆದಿದ್ದಾರೆ. ಸೀಮೆಎಣ್ಣೆ ಡಾಂಬರನ್ನು ಕರಗಿಸುತ್ತದೆ, ಅದು ಚಪ್ಪಲಿಯದೋ ನೆಲದ್ದೋ ಎಂದು ಕೇಳುವುದಿಲ್ಲ.

ಇಲ್ಲಿ ಗುತ್ತಿಗೆದಾರರ ಪೂರ್ವಪಕ್ಷವೊಂದಿದೆ: "ಬಿಸಲಿಗೆ ಹಂಗ ಆಗತದರಿ. ಒಂದ್ ಮಳಿ ಬೀಳ್ಲಿ, ಗಟ್ಟಿ ಆಗತದ." ಇದನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. ಗಾಳಿಯ ಆಮ್ಲಜನಕ ತಾಗುತ್ತ ತಾಗುತ್ತ ಹೊಸ ಡಾಂಬರು ತಿಂಗಳುಗಟ್ಟಲೆ ಗಡುಸಾಗುವುದು ನಿಜ. ಆದರೆ ರೋಲರು ಕಾಣದ ಡಾಂಬರಿನ ಹೊಟ್ಟೆಯಲ್ಲಿ ಗಾಳಿಯ ಸಂದುಗಳು ಹಾಗೇ ಉಳಿಯುತ್ತವೆ; ಮಳೆ ಬಂದು ಅವನ್ನು ತಟ್ಟಿಕೊಡುವುದಿಲ್ಲ.

ಡಾಂಬರು ಘನವಲ್ಲ, ತೀರ ನಿಧಾನಿಯಾದ ದ್ರವ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಇದರ ಜಾತಿಯದೇ ಆದ ಪಿಚ್ಚನ್ನು ಆಲಿಕೆಗೆ ಸುರಿದು, 1930ರಲ್ಲಿ ಅದರ ಮೂತಿ ಕತ್ತರಿಸಿಟ್ಟರು. 2014ರವರೆಗೆ ಬಿದ್ದದ್ದು ಒಂಬತ್ತು ಹನಿ. ಬ್ರಿಸ್ಬೇನಿನವರು ಟಿಳಕವಾಡಿಗೆ ಬಂದಿದ್ದರೆ ಒಂದು ಮಧ್ಯಾಹ್ನದಲ್ಲೇ ಕೆಲಸ ಮುಗಿಸಿಕೊಂಡು ಕುಂದಾ ಕಟ್ಟಿಸಿಕೊಂಡು ಹೋಗಬಹುದಿತ್ತು.

ಹಳೆಯ ಶಾಸ್ತ್ರದ ಪ್ರಕಾರ ಡಾಂಬರಿನ ಪರೀಕ್ಷೆ ಹೀಗೆ: 25 ಡಿಗ್ರಿಯಲ್ಲಿ, 100 ಗ್ರಾಂ ಭಾರದ ಸೂಜಿ, 5 ಸೆಕೆಂಡು. ಅಷ್ಟರಲ್ಲಿ ಅದು ಎಷ್ಟು ಇಳಿಯಿತೆಂದು ನೋಡಿ 80/100, 60/70 ಎಂದು ದರ್ಜೆ ಕಟ್ಟುತ್ತಿದ್ದರು. 2006ರಲ್ಲಿ ಭಾರತೀಯ ಮಾನಕ ಸೂಜಿಯ ದರ್ಜೆಗಳನ್ನು ಬಿಟ್ಟು ಸ್ನಿಗ್ಧತೆಯನ್ನು ಹಿಡಿಯಿತು. ನಮ್ಮ ರಸ್ತೆಗಳಿಗೆ ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆ 47 ಡಿಗ್ರಿಯವರೆಗಾದರೂ ಮೆತ್ತಗಾಗಬಾರದು. ನೆರಳಿನಲ್ಲಿ 38 ಇದ್ದ ದಿನ ಬಿಸಿಲಿನ ಕರಿನೆಲ 60 ದಾಟುತ್ತದೆ. ಅಂಥಲ್ಲಿ ಅಳಿಯಂದಿರು ಸೂಜಿಯ ಬದಲು ಎರಡು ಕ್ವಿಂಟಲ್ ಹತ್ತಿರದ ಬುಲೆಟ್ ತಂದು, 5 ಸೆಕೆಂಡಿನ ಬದಲು ಊಟ, ಎಲೆಅಡಿಕೆ, ನಿದ್ದೆ ಇಷ್ಟೂ ಮುಗಿಯುವ ತನಕ ಪರೀಕ್ಷೆ ನಡೆಸಿದರು. ಗಾಡಿ ತುಳಸಿಕಟ್ಟೆಯ ಕಡೆಗೆ ವಾಲಿತು.

ಶಾಸನದ ಕೊನೆಗೆ ಶಾಪಾಶಯವಿರುವುದು ಸಂಪ್ರದಾಯ. ಇಲ್ಲಿ ಅದನ್ನು ಕೆತ್ತಿಲ್ಲ, ಅಡುಗೆಮನೆಯ ಕಿಟಕಿಯಿಂದ ಪ್ರಸಾರವಾಗುತ್ತದೆ: "ಯಾರ್ರೀ ಅದು ಮತ್ತ ಗಾಡಿ ಒಳಗ ತಂದವ್ರು? ತಗೀರಿ ಮೊದಲ!" ಕಲ್ಲಿನ ಶಾಪಗಳಿಗಿಂತ ಇದು ಹೆಚ್ಚು ಪರಿಣಾಮಕಾರಿ ಎಂಬುದನ್ನು ಸ್ವತಃ ಪರಿಶೀಲಿಸಿದ್ದೇವೆ.

ಕ್ಷೇತ್ರಕಾರ್ಯಕ್ಕೆ ಬರುವ ವಿದ್ವಾಂಸರಲ್ಲಿ ವಿನಂತಿ: ಜೂನ್ ಮಳೆ ಹಿಡಿಯುವವರೆಗೆ ಗಾಡಿಯನ್ನು ಬೀದಿಯಲ್ಲೇ ನಿಲ್ಲಿಸಿ. ಒಳಗೆ ತರಲೇಬೇಕಾದರೆ ಸ್ಟ್ಯಾಂಡಿನ ಕೆಳಗೆ ಅಗಲವಾದ ಹಲಗೆಯ ತುಂಡು ಇಡಿ, ಸ್ಟೇರಿಂಗನ್ನು ಚಕ್ರ ಉರುಳುವಾಗ ಮಾತ್ರ ತಿರುಗಿಸಿ. ಬೆಳಿಗ್ಗೆ ಹತ್ತರೊಳಗೆ ಬಂದರೆ ಚಪ್ಪಲಿ ಸಮೇತ ವಾಪಸ್ ಹೋಗಬಹುದು.