ಏನೂಮಾಡಲ್ಲ ಸಾಹೇಬರು

ಅವರ ನಿಜವಾದ ಹೆಸರು ಕುಂತೂರಿನಲ್ಲಿ ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಮಿಕ್ಕಂತೆ ಊರಿಗೆಲ್ಲ ಅವರು ಏನೂಮಾಡಲ್ಲ ಸಾಹೇಬರು. ಮೈಸೂರಿನ ಕಚೇರಿಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದಾಗ ಅವರು ಏನೂ ಮಾಡಲಿಲ್ಲವೆಂದೇ ಈ ಹೆಸರು ಬಂತು ಎನ್ನುವವರಿದ್ದಾರೆ. ಅದು ಹೊಟ್ಟೆಕಿಚ್ಚಿನ ಮಾತು. ಹೆಸರು ಬಂದದ್ದು ನಿವೃತ್ತಿಯಾದ ಮೇಲೆ, ಬೆಟ್ಟದ ದಾರಿಯಲ್ಲಿ, ನಾಯಿಯ ಕಡೆಯಿಂದ.

ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಕಬ್ಬಿಗೆ ಗುತ್ತಿಗೆ ಕೊಟ್ಟು, ಹಳೇ ಮನೆಗೆ ಟೈಲ್ಸ್ ಹಾಕಿಸಿ ಊರಿಗೆ ಬಂದವರು ಅವರು. ಊರಲ್ಲಿ ಸಕ್ಕರೆ ಕಾರ್ಖಾನೆ, ಮೈಯಲ್ಲಿ ಸಕ್ಕರೆ ಕಾಯಿಲೆ. ದಿನಾ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಒಬ್ಬರೇ ನಡೆಯುವುದು ಬೇಜಾರು. ಹೆಂಡತಿಯನ್ನು ಕರೆದರೆ, ‘ಮೂವತ್ತು ವರ್ಷ ನಡ್ಕೊಂಡಿದೀನಿ, ಸಾಕು’ ಎಂದರಂತೆ. ಹಾಗಾಗಿ ಒಂದು ಲ್ಯಾಬ್ರಡಾರ್ ಬಂತು. ಹೊಂಬಣ್ಣ, ಮೂವತ್ತೈದು ಕೇಜಿ ತೂಕ, ನಾಲಿಗೆ ಸದಾ ಒಂದು ಗೇಣು ಹೊರಗೆ. ಹೆಸರು ಟೈಗರ್.

ಬೆಟ್ಟದ ದಾರಿ ಯಾರಪ್ಪನ ಸ್ವತ್ತೂ ಅಲ್ಲ. ಪ್ರಭುಲಿಂಗಸ್ವಾಮಿಗೆ ಹಣ್ಣುಕಾಯಿ ಹಿಡಿದುಕೊಂಡು ಹೋಗುವವರು, ಆಡು ಕುರಿ ಹೊಡೆದುಕೊಂಡು ಹೋಗುವವರು, ಸೌದೆ ಹೊರೆ ಇಳಿಸುವ ಹೆಂಗಸರು, ಮಂಡಿ ನೋವಿನವರು, ಶುಗರಿನವರು, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವವರು, ಎಲ್ಲರದ್ದೂ ಅದೇ ದಾರಿ. ಬುಡದ ರಸ್ತೆಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದಿರುವ ಹುಡುಗರು ಓಡುತ್ತಾರೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕೆಂಬುದು ಇಲಾಖೆಯ ಲೆಕ್ಕ. ಟೈಗರ್ ಬೆನ್ನು ಹತ್ತಿದ ದಿನ ಅವರೆಲ್ಲ ಆರು ನಿಮಿಷದೊಳಗೇ ಮುಗಿಸಿದರು. ಇಲಾಖೆ ಈ ಕಡೆ ಗಮನ ಕೊಡುವುದು ಒಳ್ಳೆಯದು.

ಸಾಹೇಬರ ಕೈಯಲ್ಲಿ ಬೆಲ್ಟ್ ಇಲ್ಲವೆಂದಲ್ಲ, ಇದೆ. ಒಳ್ಳೇ ಚರ್ಮದ್ದು. ಅದರ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿಯೂ ಅವರ ಕೈಯಲ್ಲೇ. ನಾಯಿ ಐವತ್ತು ಗಜ ಮುಂದೆ. ‘ಬೆಟ್ಟಕ್ಕೆ ಬಂದ ಮೇಲೂ ಕಟ್ಟಿಹಾಕಿದರೆ ಪಾಪ ಅಲ್ವ?’ ಎನ್ನುತ್ತಾರೆ.

ಅವರ ಮಾತಿಗೆ ಮೆಟ್ಟಿಲುಗಳಿವೆ. ನಾಯಿ ಹತ್ತಿರವಾದಷ್ಟೂ ಅವರು ಒಂದೊಂದೇ ಇಳಿಯುತ್ತಾರೆ. ಅದು ದೂರದಲ್ಲಿ ಕಂಡು ನೀವು ನಿಂತಿರೋ, ‘ಏನೂ ಮಾಡಲ್ಲ, ಬನ್ನಿ ಬನ್ನಿ!’ ಹತ್ತು ಮಾರಿಗೆ ಬಂದಾಗ, ‘ಓಡಬೇಡಿ, ಓಡಿದ್ರೆ ಮಾತ್ರ ಅಟ್ಟಿಸ್ಕೊಂಡು ಬರ್ತಾನೆ.’ ಮುಂಗಾಲೆರಡನ್ನೂ ನಿಮ್ಮ ಎದೆಯ ಮೇಲಿಟ್ಟಾಗ, ‘ಪರಿಚಯ ಮಾಡ್ಕೋತಾ ಇದಾನೆ.’ ಪಂಚೆ ಹರಿದಾಗ, ‘ಆಟ, ಇನ್ನೂ ಮಗು ಅವನು.’ ಮೀನಖಂಡದಲ್ಲಿ ಕೆಂಪಗೆ ಕಂಡಾಗ, ‘ಹಲ್ಲು ತಗುಲಿದೆ ಅಷ್ಟೇ, ಕಚ್ಚಿಲ್ಲ.’ ಆಮೇಲೆ ಕೊನೆಯ ಮೆಟ್ಟಿಲು: ‘ಇವನಿಗೆ ಇಂಜೆಕ್ಷನ್ ಎಲ್ಲಾ ಆಗಿದೆ, ನೀವೇನೂ ಯೋಚನೆ ಮಾಡ್ಬೇಡಿ.’

ಯೋಚನೆ ಮಾಡದೆ ಇದ್ದೀತೆ? ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲವನ್ನು ಮರೆಯದ ಜನ ಇನ್ನೂ ಇದ್ದಾರೆ. ಈಗ ತೋಳಿಗೇ ಕೊಡುತ್ತಾರೆ, ಕಚ್ಚಿಸಿಕೊಂಡ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಹಲ್ಲು ‘ತಗುಲಿಸಿಕೊಂಡ’ ಕುರಿಯವನು ಪ್ರತಿ ಸಲವೂ ಕೂಲಿ ಬಿಟ್ಟು ಕೊಳ್ಳೇಗಾಲದ ಬಸ್ಸು ಹತ್ತಬೇಕು. ಸಾಹೇಬರು ಬಸ್ ಚಾರ್ಜಿಗೆ ಐವತ್ತು ರೂಪಾಯಿ ಕೊಟ್ಟರು. ಅವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಅಂದು ಸಂಜೆ ಅವನ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿದರು. ಟೈಗರನ್ನೂ ಕರೆದುಕೊಂಡೇ ಹೋಗಿದ್ದರು.

ಟೀ ಅಂಗಡಿಯಲ್ಲಿ ನಮ್ಮ ವಕೀಲರು ಕಾನೂನು ತೆಗೆದರು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೇ ಪೀನಲ್ ಕೋಡಿನಲ್ಲಿ ದಂಡ ಒಂದೇ ಸಾವಿರವಿತ್ತು. ಸಾಹೇಬರು ಟೀ ಮುಗಿಸಿ ತಣ್ಣಗೆ ಕೇಳಿದರು: ‘ವಶದಲ್ಲಿರುವ ಪ್ರಾಣಿ ಅಂತ ತಾನೇ ಇರೋದು? ಇವನು ನನ್ನ ವಶದಲ್ಲಿ ಯಾವತ್ತಿದ್ದ?’ ವಕೀಲರಿಗೆ ಆ ದಿನದ ಟೀ ಕಾಸು ದಂಡವಾಯಿತು.

ಕಾನೂನು ಮುಗಿದ ಕಡೆ ಸಾಹೇಬರು ಪುರಾಣ ಹಿಡಿಯುತ್ತಾರೆ. ‘ಧರ್ಮರಾಯ ಸ್ವರ್ಗಕ್ಕೆ ನಡೆದಾಗ ಜೊತೆಗಿದ್ದದ್ದು ಯಾರು? ನಾಯಿ. ನಾಯಿ ಬಿಟ್ಟು ಒಳಗೆ ಬಾ ಅಂದ ಇಂದ್ರನಿಗೇ ಬರಲ್ಲ ಅಂದ. ಸ್ವರ್ಗದ ದಾರೀಲೇ ನಾಯಿಗೆ ಜಾಗ ಇರೋವಾಗ ಕುಂತೂರು ಬೆಟ್ಟದ ದಾರೀಲಿ ಇಲ್ವೇನ್ರೀ?’ ಇದಕ್ಕೆ ಎದುರು ಮಾತಾಡುವುದು ಕಷ್ಟ. ಆದರೂ ನನಗೆ ಒಂದು ಅನುಮಾನ. ಆ ಹೊತ್ತಿಗೆ ದ್ರೌಪದಿಯಿಂದ ಹಿಡಿದು ಭೀಮನವರೆಗೆ ಎಲ್ಲರೂ ಬಿದ್ದುಹೋಗಿ, ದಾರಿಯಲ್ಲಿ ಉಳಿದವರು ಧರ್ಮರಾಯ ಮತ್ತು ನಾಯಿ ಇಬ್ಬರೇ. ಎದುರಿಗೆ ಹಣ್ಣುಕಾಯಿಯವರು ಬರುತ್ತಿರಲಿಲ್ಲ, ಕುರಿ ಮಂದೆ ಇರಲಿಲ್ಲ. ಖಾಲಿ ದಾರಿಯಲ್ಲಿ ಯಾರು ಬೇಕಾದರೂ ಧರ್ಮರಾಯರೇ.

ಸೌದೆಯಜ್ಜಿ ನನ್ನಷ್ಟು ಸುತ್ತು ಬಳಸಲಿಲ್ಲ. ಹೊರೆ ಹೊತ್ತವಳಿಗೆ ಓಡಲೂ ಆಗದು, ಬಗ್ಗಲೂ ಆಗದು. ಟೈಗರ್ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಸೀರೆ ಮೂಸುವ ತನಕ ಕಂಬದಂತೆ ನಿಂತಿದ್ದು, ಆಮೇಲೆ ಅಂದಳು: ‘ನಿಮಗ ಏನೂ ಮಾಡದಿಲ್ಲ ಬುಡಪ್ಪ, ಅನ್ನ ಹಾಕ್ತಿರಿ. ನಾ ಏನ ಹಾಕಿನಿ ಅಂತ ನನ್ನ ಬುಟ್ಟದು? ಧರ್ಮರಾಯನ ಜೊತ್ಗ ಹೋದ ನಾಯಿ ಯಮಧರ್ಮ ಅಂತ ಕತ ಅದ. ಇದೂ ಅವನೇಯ?’

ಇಷ್ಟೆಲ್ಲ ನಾಯಿಪ್ರೀತಿ ಇರುವವರು ಬೀದಿನಾಯಿಗಳ ವಿಷಯಕ್ಕೆ ಬಂದರೆ ಕಲ್ಲೆದೆಯವರು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಿ ಎಂದ ದಿನ, ಪೇಪರನ್ನು ಊರೆಲ್ಲ ತಿರುಗಿಸಿ ಓದಿಸಿದರು. ‘ಸಾರ್ವಜನಿಕ ಜಾಗದಲ್ಲಿ ನಾಯಿ ಕಾಟ ವಿಪರೀತ ಆಗೋಗಿದೆ’ ಎಂದು ಅವರು ಹೇಳುತ್ತಿದ್ದಾಗ ಟೈಗರ್ ಬೋಂಡದಂಗಡಿಯ ತಟ್ಟೆಗೆ ಬಾಯಿ ಹಾಕಿತ್ತು.

ನಾನು ಕಂಡಂತೆ ದಾರಿಯ ಮರ್ಯಾದೆ ಗೊತ್ತಿರುವುದು ಒಡೆಯನಿಲ್ಲದ ನಾಯಿಗೇ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಕನಕಪುರ, ರಾಮನಗರ, ಮಂಡ್ಯದ ಕಡೆಯಿಂದ ಸಾವಿರಾರು ಜನ ನಡೆದುಕೊಂಡು ಬರುತ್ತಾರಲ್ಲ, ಆ ಸಾಲಿನ ಹಿಂದೆ ಎಲ್ಲಿಂದಲೋ ಬಂದು ಸೇರಿಕೊಂಡ ಒಂದು ಕಂದು ನಾಯಿ, ಒಂದು ಕರಿನಾಯಿ ಇದ್ದೇ ಇರುತ್ತವೆ. ಕಾಮಗೆರೆ, ಹನೂರು, ಕೌದಳ್ಳಿ ದಾಟಿ ಬರುತ್ತವೆ. ಜನ ಕೂತರೆ ದೂರದಲ್ಲಿ ಕೂರುತ್ತವೆ, ಕೊಟ್ಟರೆ ತಿನ್ನುತ್ತವೆ, ಗದರಿದರೆ ಬಾಲ ಇಳಿಸಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತವೆ. ಅವುಗಳ ಪರವಾಗಿ ‘ಏನೂ ಮಾಡಲ್ಲ’ ಅನ್ನುವವರು ಯಾರೂ ಇಲ್ಲ. ಹಾಗಾಗಿ ಏನೂ ಮಾಡದೆ ಇರುವ ಜವಾಬ್ದಾರಿ ಅವುಗಳ ಮೇಲೇ ಬಿದ್ದಿದೆ.

ಒಂದು ಶಿವರಾತ್ರಿಗೆ ಸಾಹೇಬರೂ ಟೈಗರ್ ಸಮೇತ ಹೊರಟರು. ಮಾದಪ್ಪನ ಕಥೆ ಹೇಳುವ ಕಂಸಾಳೆಯವರ ಬಾಯಲ್ಲಿ ಸುತ್ತೂರು ಮಠದ ಜೊತೆ ಕುಂತೂರು ಮಠವೂ ಬರುತ್ತದೆ. ಅಂದಮೇಲೆ ನಮ್ಮೂರಿನವರಿಗೆ ಆ ಬೆಟ್ಟದಲ್ಲಿ ಒಂದು ಹಕ್ಕಿದೆ, ಊರಿನವರ ನಾಯಿಗೂ ಇದೆ ಎನ್ನುವುದು ಅವರ ವಾದ. ತಾಳಬೆಟ್ಟದವರೆಗೆ ಕಾರು, ಅಲ್ಲಿಂದ ನಡಿಗೆ. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಯಾರದೋ ಬುತ್ತಿಯಿಂದ ಪುಳಿಯೋಗರೆ ವಾಸನೆ ಹಿಡಿದು ಟೈಗರ್ ಪೊದೆಯೊಳಗೆ ನುಗ್ಗಿತು. ಸಾಹೇಬರು ಗಾಬರಿಯಾಗಿ ಕೂಗಿಕೊಂಡರು, ‘ಟೈಗರ್! ಟೈಗರ್! ಅಯ್ಯೋ, ಟೈಗರ್ ಆ ಕಡೆ ಬಂದ ನೋಡ್ರೀ!’

ಎಂಥ ಜಾಗದಲ್ಲಿ ಕೂಗಿದರು ಎನ್ನುವುದನ್ನು ಗಮನಿಸಬೇಕು. ಎಪ್ಪತ್ತೇಳು ಮಲೆಯ ಕಾಡು, 2013ರಿಂದ ವನ್ಯಜೀವಿಧಾಮ. ಹುಲಿ ಇಲ್ಲಿ ಬರೀ ಮೃಗವಲ್ಲ, ಮಾದಪ್ಪನ ವಾಹನ. ಓಡಬೇಕೋ ಕೈಮುಗಿಯಬೇಕೋ ಗೊತ್ತಾಗದೆ ಜನ ಎರಡನ್ನೂ ಒಟ್ಟಿಗೆ ಮಾಡಿದರು. ಉಘೇ ಉಘೇ ಎನ್ನುತ್ತಾ ಹಿಂದಕ್ಕೆ ಓಡಿದವರೆಷ್ಟೋ, ಓಡುತ್ತಲೇ ಗಲ್ಲ ಬಡಿದುಕೊಂಡವರೆಷ್ಟೋ. ನಡೆಯಲಾರೆನೆಂದು ಮೊಮ್ಮಗನ ಹೆಗಲು ಹಿಡಿದಿದ್ದ ಒಬ್ಬ ಮುದುಕರು ಮೊಮ್ಮಗನಿಗಿಂತ ಮುಂಚೆ ಮರ ಹತ್ತಿದ್ದರು. ಆಗ ಪೊದೆಯಿಂದ ಹೊರಬಂತು ಟೈಗರ್, ಮೂತಿಗೆಲ್ಲ ಪುಳಿಯೋಗರೆ ಮೆತ್ತಿಕೊಂಡು, ಬಾಲ ಆಡಿಸುತ್ತ. ‘ಏನೂ ಮಾಡಲ್ಲ...’ ಎಂದು ಸಾಹೇಬರು ಶುರು ಮಾಡಿದ್ದನ್ನು ಪೂರ್ತಿ ಮಾಡಲು ಆ ಜನ ಬಿಡಲಿಲ್ಲ. ಆವತ್ತು ದಾರಿಯಲ್ಲಿ ಮಜ್ಜಿಗೆ ಕೊಡುತ್ತಿದ್ದವರೂ ಅವರಿಗೆ ಮಜ್ಜಿಗೆ ಕೊಡಲಿಲ್ಲವಂತೆ.

ಊರ ಬೆಟ್ಟದ ಮಾತೇ ಬೇರೆ, ಕಾಡಿನ ಮಾತೇ ಬೇರೆ. ಊರ ದಾರಿಯಲ್ಲಿ ಬೆಲ್ಟ್ ಹಾಕಿ ಹಿಡಿದುಕೊಂಡರೆ ನಾಯಿಗೆ ಯಾರ ತಕರಾರೂ ಇಲ್ಲ, ಸೌದೆಯಜ್ಜಿಯೂ ಒಪ್ಪಿಯಾಳು. ಆದರೆ ಆ ಕಡೆ ಮಾದಪ್ಪನ ಕಾಡು, ಈ ಕಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ. ಅಲ್ಲಿಗೆ ಹೋಗುವ ನಾಯಿ ಕಚ್ಚಲೇಬೇಕೆಂದಿಲ್ಲ, ಒಂದು ಸಲ ಸೀನಿದರೆ ಸಾಕು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಇದನ್ನು ಸಾಹೇಬರಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಎಂಬ ರೋಗ ಹಬ್ಬಿ, ಅಲ್ಲಿನ ಸಿಂಹಗಳಲ್ಲಿ ಮೂರರಲ್ಲೊಂದು ಪಾಲು ಸತ್ತುಹೋದವು. ರೋಗದ ಮೂಲ ಸುತ್ತಲ ಹಳ್ಳಿಗಳ ಸಾಕುನಾಯಿಗಳು ಎಂದು ತಜ್ಞರು ಹೇಳಿದರು.

‘ಸಿಂಹಕ್ಕೆ ಕಚ್ಚಿದ್ವಾ?’ ಎಂದರು ಸಾಹೇಬರು.

‘ಇಲ್ಲ ಸಾರ್. ಅವೂ ಏನೂ ಮಾಡಿರಲಿಲ್ಲ.’

ಸಾಹೇಬರು ಟೈಗರಿನ ಕಡೆ ಮೆಚ್ಚುಗೆಯಿಂದ ನೋಡಿದರು. ಪಾಠ ಎಲ್ಲೋ ದಾರಿ ತಪ್ಪಿತು.

ಎಲ್ಲರೂ ಸೋತ ಮೇಲೆ ಕೆಲಸ ಮಾಡಿದ್ದು ಚಿರತೆ. ಕಬ್ಬು ಕಡಿಯುವ ಆಳುಗಳು ಒಂದು ಬೆಳಿಗ್ಗೆ ಗದ್ದೆಯೊಳಗೆ ಚಿರತೆ ಕಂಡು ಮಚ್ಚು ಎಸೆದು ಓಡಿ ಬಂದರು. ನಮ್ಮ ಸೀಮೆಯಲ್ಲಿ ಇದು ಹೊಸ ಸುದ್ದಿಯಲ್ಲ. ಆಳೆತ್ತರದ ಕಬ್ಬು ಅದಕ್ಕೆ ಕಾಡಿಗಿಂತ ತಂಪಾದ ಮನೆ. ಮೇಷ್ಟ್ರು ಮತ್ತೆ ಬಂದರು. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಅದೂ ನಮ್ಮಂತೆ ಕಬ್ಬಿನ ಸೀಮೆಯೇ, ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಆಯ್ದು ಪರೀಕ್ಷೆ ಮಾಡಿದರಂತೆ. ಅದು ತಿಂದದ್ದನ್ನು ತೂಕಕ್ಕೆ ಹಾಕಿದರೆ ನೂರಕ್ಕೆ 39 ಪಾಲು ನಾಯಿಯದೇ.

ಸಾಹೇಬರ ಮುಖ ಮೊದಲ ಸಲ ಇಳಿಯಿತು. ‘ಇಂಥ ಕ್ರೂರ ಮೃಗ ಜನ ಓಡಾಡೋ ದಾರೀಲಿ ಇರೋದಾ? ಇಲಾಖೆಯವರು ಏನು ಮಾಡ್ತಿದಾರೆ? ಚಿಕ್ಕ ಮಕ್ಕಳು, ವಯಸ್ಸಾದವರು, ಹೆಂಗಸರು ತಿರುಗಾಡೋ ಜಾಗ ಅಲ್ವೇನ್ರೀ?’ ಮಕ್ಕಳು, ವಯಸ್ಸಾದವರು, ಹೆಂಗಸರು ಆ ದಾರಿಯಲ್ಲಿ ತಿರುಗಾಡುವುದು ಅವರ ಗಮನಕ್ಕೆ ಬಂದದ್ದಕ್ಕೆ ಊರು ಸಂತೋಷಪಟ್ಟಿತು. ಅರ್ಜಿ ಅವರೇ ಬರೆದರು, ಎರಡು ಪುಟ, ಕಚೇರಿ ಕನ್ನಡದಲ್ಲಿ. ಬೋನು ಇಡಿಸಲೇಬೇಕು ಎಂದು ಕೊನೆಯಲ್ಲಿ ಅಡಿಗೆರೆ ಎಳೆದರು.

ಬೋನು ಬಂತು, ಟ್ರ್ಯಾಕ್ಟರಿನಲ್ಲಿ. ಇಳಿಸುವಾಗ ಮೇಸ್ತ್ರಿಕೆ ಸಾಹೇಬರದೇ. ಬಾಗಿಲು ಯಾವ ಕಡೆಗಿರಬೇಕು, ಸೊಪ್ಪು ಎಷ್ಟು ಮುಚ್ಚಬೇಕು ಎಲ್ಲಾ ಹೇಳಿದರು. ಎಲ್ಲಾ ಆದಮೇಲೆ ಫಾರೆಸ್ಟ್ ವಾಚರ್ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದ.

‘ಸಾರ್, ಒಳಗ ಕಟ್ಟಕ ಒಂದು ನಾಯಿ ಬೇಕಾಯ್ತದ.’

‘ನಾಯಿನಾ? ಕುರಿ ಕಟ್ರೀ!’

‘ಕುರಿಗ ಹತ್ತು ಸಾವಿರ ಸಾರ್, ಯಾರ ಕೊಟ್ಟರು? ನಾಯಿ ಆದ್ರ ಬೊಗಳ್ತದ, ಚಿರತ ಬೇಗ ಬತ್ತದ. ಬೀದಿನಾಯೆಲ್ಲ ಬೋನು ಕಂಡೇಟ್ಗ ಓಡೋದವು, ಭಾಳ ಬುದ್ವಂತವು.’ ವಾಚರನ ಕಣ್ಣು ಟೈಗರಿನ ಮೇಲೆ ಬಿತ್ತು. ಅದು ಆಗಲೇ ಬೋನಿನೊಳಗೆ ಅರ್ಧ ಹೋಗಿ ಮೂಲೆ ಮೂಸುತ್ತಿತ್ತು. ‘ಇದು ನೋಡಿ, ತಾನೇ ಒಳ್ಗ ಹೊಂಟದ.’

ಸಾಹೇಬರು ಅಷ್ಟು ವೇಗವಾಗಿ ಬಗ್ಗಿದ್ದನ್ನು ಕುಂತೂರು ಎಂದೂ ನೋಡಿರಲಿಲ್ಲ. ಎರಡೂ ಕೈಯಲ್ಲಿ ಕುತ್ತಿಗೆ ತಬ್ಬಿ ಎಳೆದರು.

‘ಅಯ್ಯೋ, ಹೆದರ್ಕಬೇಡಿ ಸಾರ್’ ಎಂದ ವಾಚರ್. ‘ನಾಯಿಗ ಬ್ಯಾರೆ ಖಾನ, ಚಿರತಗ ಬ್ಯಾರೆ ಖಾನ, ಮಧ್ಯ ಸರಳು ಅವ. ಚಿರತ ಏನೂ ಮಾಡದಿಲ್ಲ.’

ಅಂದು ಸಂಜೆಯೇ ಸಾಹೇಬರ ಕಾರು ಮೈಸೂರಿನ ದಾರಿ ಹಿಡಿಯಿತು. ಹೆಂಡತಿ ಹಿಂದಿನ ಸೀಟಿನಲ್ಲಿ. ಟೈಗರ್ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು.