ಮಕ್ಕಳಿರುವ ಚಿಟ್ಟೆಗಳಿಗೆ ಮನೆ ಇಲ್ಲ

ಗಿರಿನಗರದ ಈ ಮನೆಯ ಮಹಡಿಗೆ ನಾವು ಬಾಡಿಗೆಗೆ ಬರುವ ಮುಂಚೆ ಒಂದು ಸಂದರ್ಶನ ನಡೆದಿತ್ತು. ಕೆಲಸಕ್ಕೆ ಸೇರುವಾಗಲೂ ನನ್ನನ್ನು ಯಾರೂ ಅಷ್ಟು ಕೇಳಿರಲಿಲ್ಲ. ಎಷ್ಟು ಜನ? ಯಾವ ಕಡೆಯವರು? ಮೊಟ್ಟೆ ತಿಂತೀರಾ? ಕೇಕಿನಲ್ಲಿ? ನೆಂಟರು ಬಂದರೆ ಎಷ್ಟು ದಿನ ಉಳೀತಾರೆ? ಗೋಡೆಗೆ ಮೊಳೆ ಹೊಡೆಯೋ ಅಭ್ಯಾಸ ಇದೆಯಾ? ಕೊನೆಗೆ ಓನರ್ ಕಣ್ಣು ನನ್ನ ಮಗಳ ಮೇಲೆ ಬಿತ್ತು. ಆಗ ಅವಳಿಗೆ ಐದು ವರ್ಷ. "ಮಗು ಗೋಡೆ ಮೇಲೆ ಬರೆಯತ್ತಾ?" ಎಂದರು. ಅವಳಿಗಿನ್ನೂ ಬರೆಯುವುದೇ ಬರುವುದಿಲ್ಲ ಎಂದು ಸುಳ್ಳು ಹೇಳಿ, ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟು ಒಳಗೆ ಬಂದೆವು.

ಇಂಥ ಓನರ್ ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿ, "ಚಿಟ್ಟೆಗಳಿಗೆ ಒಂದು ಮನೆ ಮಾಡಿಕೊಡೋಣ ಅಂತಿದೀನಿ ಕಣ್ರೀ" ಎಂದರು. ಅಡ್ವಾನ್ಸ್ ಎಷ್ಟು ತಿಂಗಳದ್ದು ಎಂದು ಕೇಳಲು ನಾಲಿಗೆ ತುರಿಸಿತು. ಕೇಳಲಿಲ್ಲ. ಅಗ್ರಿಮೆಂಟ್ ಮುಗಿಯಲು ಎರಡೇ ತಿಂಗಳಿತ್ತು.

ಇದರ ಮೂಲ ನ್ಯೂಜೆರ್ಸಿ. ಓನರ್ ಮಗಳು ಅಲ್ಲಿದ್ದಾಳೆ. ಅವಳ ಹಿತ್ತಲಲ್ಲಿ ಮಿಲ್ಕ್‌ವೀಡ್ ಎಂಬ ಗಿಡ, ಆ ಗಿಡಕ್ಕೆ ಮೊನಾರ್ಕ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ. ಚಳಿಗಾಲ ಬಂತೆಂದರೆ ಈ ಚಿಟ್ಟೆಗಳು ಸಾವಿರಾರು ಕಿಲೋಮೀಟರ್ ಹಾರಿ ಮೆಕ್ಸಿಕೋದ ಬೆಟ್ಟದ ಕಾಡು ಸೇರುತ್ತವೆ. ಅಮೆರಿಕದ ಹೊಲಗಳಲ್ಲಿ ಕಳೆನಾಶಕ ಹೊಡೆದು ಹೊಡೆದು ಮಿಲ್ಕ್‌ವೀಡ್ ಕಡಿಮೆಯಾಗಿರುವುದರಿಂದ ಜನ ಅದನ್ನು ಹಿತ್ತಲಲ್ಲಿ ಬೆಳೆಸತೊಡಗಿದ್ದಾರೆ. ಆ ಊರಿಗೆ ಅದು ಸರಿಯಾದ ಬುದ್ಧಿಮಾತೇ. ಆದರೆ ಬುದ್ಧಿಮಾತಿಗೆ ವೀಸಾ ಬೇಡವಲ್ಲ! ವಾಟ್ಸಾಪಿನಲ್ಲಿ ಹಾರಿ ಬಂದು ಗಿರಿನಗರದಲ್ಲಿ ಇಳಿಯಿತು. "ಮಿಲ್ಕ್‌ವೀಡ್ ಹಾಕಪ್ಪಾ, ಮೊನಾರ್ಕ್ ಬರತ್ತೆ." ಅಪ್ಪ ಆನ್‌ಲೈನಿನಲ್ಲಿ ಬೀಜ ತರಿಸಿ, ಕುಂಡಗಳಲ್ಲಿ ಹಾಕಿ, ಆಕಾಶ ನೋಡುತ್ತ ಕೂತರು.

ಆಕಾಶದ ಬದಲು ಕಾಂಪೌಂಡಿನ ಆಚೆ ನೋಡಿದ್ದರೆ ಸಾಕಿತ್ತು. ಪಕ್ಕದ ಖಾಲಿ ಸೈಟಿನಲ್ಲಿ ಆಳೆತ್ತರದ ಎಕ್ಕದ ಗಿಡಗಳಿದ್ದವು. ಎಕ್ಕವೂ ಮಿಲ್ಕ್‌ವೀಡೂ ಒಂದೇ ಮನೆತನ. ಎಲೆ ಮುರಿದರೆ ಅದೇ ಬಿಳಿ ಹಾಲು. ಮೊನಾರ್ಕಿನ ದಾಯಾದಿಯೊಂದು ನಮ್ಮಲ್ಲಿದೆ, ಪ್ಲೇನ್ ಟೈಗರ್ ಅಂತ. ಅದೇ ಕಿತ್ತಳೆ, ಅದೇ ಕಪ್ಪಂಚು. ಅದು ಎಕ್ಕದ ಮೇಲೆ ಮೊಟ್ಟೆಯಿಡುತ್ತದೆ, ಅದರ ಹುಳ ಎಕ್ಕದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಜನ್ಮದಲ್ಲಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಬಾಡಿಗೆಯಿಲ್ಲ, ನೀರಿನ ಬಿಲ್ಲಿಲ್ಲ, ಯಾರ ಸಂದರ್ಶನವೂ ಇಲ್ಲದೆ ಈ ಸಂಸಾರ ಅಲ್ಲಿ ನಡೆದಿತ್ತು. ಓನರ್ ಲೆಕ್ಕದಲ್ಲಿ ಮಾತ್ರ ಅದು ಕಸ. ರಥಸಪ್ತಮಿಗೆ ತಲೆ, ಭುಜದ ಮೇಲೆ ಇಟ್ಟುಕೊಂಡು ಸ್ನಾನ ಮಾಡಲು ಏಳು ಎಕ್ಕದೆಲೆ ಬೇಕಾದಾಗ ಅವರು ಗಾಂಧಿ ಬಜಾರಿಗೆ ಹೋಗಿ ದುಡ್ಡು ಕೊಟ್ಟು ತಂದಿದ್ದರು. ಪಕ್ಕದ ಸೈಟಿನದು ಶಾಸ್ತ್ರಕ್ಕೆ ಆಗಿಬರುವುದಿಲ್ಲವೇನೋ. ಬಿಟ್ಟಿ ಸಿಕ್ಕಿದ್ದರಲ್ಲಿ ಪುಣ್ಯ ಇರುವುದಿಲ್ಲ ಎಂಬ ನಂಬಿಕೆ ಬೆಂಗಳೂರಿನಲ್ಲಿ ದೇವಸ್ಥಾನದಿಂದ ನರ್ಸರಿಯವರೆಗೆ ಹಬ್ಬಿದೆ.

ನರ್ಸರಿ ಎಂದೆನಲ್ಲ, ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಗೊಬ್ಬರದ ಚೀಲ ಎತ್ತಲು ಬಾಡಿಗೆಯವರು ಆಗುತ್ತಾರೆ ಎಂದು ಅಗ್ರಿಮೆಂಟಿನಲ್ಲಿ ಇಲ್ಲದಿದ್ದರೂ ರೂಢಿಯಲ್ಲಿದೆ. ಚಿಟ್ಟೆ ಬರುವ ಗಿಡ ಕೊಡಿ ಎಂದು ಕೇಳಿದ್ದಕ್ಕೆ ನರ್ಸರಿಯವನು ಒಂದೊಂದೇ ಕುಂಡ ಎತ್ತಿ ತೋರಿಸಿ, "ಇದು ತಗೊಳಿ ಸಾರ್, ಗ್ಯಾರಂಟಿ, ಒಂದು ಹುಳ ಬರಲ್ಲ ಇದಕ್ಕೆ" ಎಂದ. ಇವರು ತೃಪ್ತಿಯಿಂದ ತಲೆಯಾಡಿಸಿ ನಾಲ್ಕು ಕೊಂಡರು. ಹುಳ ಬರದ ಗಿಡಕ್ಕೆ ಚಿಟ್ಟೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಮಾರುವವನಿಗೂ ಹುಟ್ಟಲಿಲ್ಲ, ಕೊಳ್ಳುವವನಿಗೂ ಹುಟ್ಟಲಿಲ್ಲ. ಚೀಲ ಹೊತ್ತವನಿಗೆ ಹುಟ್ಟಿತ್ತು. ಆದರೆ ಚೀಲ ಭಾರವಿತ್ತು.

ಕೊಂಡ ನಾಲ್ಕರಲ್ಲಿ ಒಂದು ಲಂಟಾನ. ಮೈತುಂಬ ಹೂ, ಹೂವಿಗೆ ಚಿಟ್ಟೆ ಮುತ್ತುವುದೂ ನಿಜ. ಈ ಲಂಟಾನವೂ ಒಂದು ಕಾಲದಲ್ಲಿ ಹೀಗೇ ಅಂದದ ಗಿಡವಾಗಿ ಬಾಡಿಗೆಗೆ ಬಂದಿದ್ದು. ದಕ್ಷಿಣ ಅಮೆರಿಕದ ಕಡೆಯ ಗಿಡವನ್ನು 19ನೇ ಶತಮಾನದ ಮೊದಲಲ್ಲಿ ಬ್ರಿಟಿಷರು ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದರು. ಇನ್ನೂರು ವರ್ಷವಾಯಿತು, ಖಾಲಿ ಮಾಡಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ತನ್ನ ಹೆಸರಿಗೇ ಬರೆಸಿಕೊಂಡ ಹಾಗೆ ಹಬ್ಬಿ, ಜಿಂಕೆಗೆ ಹುಲ್ಲಿಲ್ಲದಂತೆ ಮಾಡಿದೆ. ಸೋಲಿಗರು ಅದನ್ನು ಕಡಿದು ಕುರ್ಚಿ, ಸೋಫಾ ಮಾಡುತ್ತಾರೆ. ಆಳೆತ್ತರದ ಆನೆಗಳನ್ನೇ ಮಾಡಿದ್ದಾರೆ. ಮೊಳೆ ಹೊಡೆಯುವವರಿಗೆ ಮನೆ ಕೊಡದ ನಮ್ಮ ಓನರ್ ಇಂಥ ಬಾಡಿಗೆದಾರನನ್ನು ಕೈಯಾರೆ ಗೊಬ್ಬರ ಹಾಕಿ ಇರಿಸಿಕೊಂಡರು.

ಮಳೆ ಶುರುವಾಯಿತು. ಚಿಟ್ಟೆಗಳು ಬಂದವು.

ಮೊದಲು ಬಂದದ್ದು ಕಾಮನ್ ಮಾರ್ಮನ್. ಕಪ್ಪು ಮೈ, ದೊಡ್ಡ ರೆಕ್ಕೆ. ತಂದಿಟ್ಟ ಯಾವ ಕುಂಡದ ಕಡೆಗೂ ತಿರುಗಿ ನೋಡದೆ ನೇರವಾಗಿ ಹಿಂದಿನ ಕರಿಬೇವಿನ ಗಿಡಕ್ಕೆ ಹೋಯಿತು. ಹೆಣ್ಣು ಚಿಟ್ಟೆಗೆ ಎಲೆಯ ರುಚಿ ಗೊತ್ತಾಗುವುದು ಕಾಲಿನಲ್ಲಿ. ಮನೆ ನೋಡಲು ಬಂದ ಗೃಹಿಣಿ ಹಾಲ್, ಬೆಡ್‌ರೂಮ್ ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡುವ ಹಾಗೆ, ಅದು ಎಲೆಯ ಮೇಲೆ ಮುಂಗಾಲಿನಿಂದ ತಟತಟ ಬಡಿದು, ಇಲ್ಲಿ ಮಕ್ಕಳಿಗೆ ಊಟ ಸಿಗುತ್ತದೆಯೇ ಎಂದು ಪರೀಕ್ಷೆ ಮಾಡಿ, ಹೌದೆನಿಸಿದರೆ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ಓನರ್ ಫೋಟೋ ತೆಗೆದು ನ್ಯೂಜೆರ್ಸಿಗೆ ಕಳಿಸಿದರು. ಈ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೇ ಇರುತ್ತವೆ, ಉಳಿದವು ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಬೇರೆ ಚಿಟ್ಟೆಗಳ ವೇಷ ಹಾಕಿಕೊಂಡಿರುತ್ತವೆ. ರೋಸ್ ಚಿಟ್ಟೆಗಳು ಈಶ್ವರಿ ಬಳ್ಳಿ ತಿಂದು ಬೆಳೆದು ನಿಜವಾಗಿಯೂ ವಿಷವಾದವು. ಮಾರ್ಮನ್ ಬರೀ ಕರಿಬೇವು ತಿಂದ ಸಾಧು. ಎಮ್ಮೆಲ್ಲೆ ನಮ್ಮ ಕಡೆಯವರೇ ಎಂದು ಹೇಳಿಕೊಂಡು ಓಡಾಡುವವರು ಎಲ್ಲ ಕುಲದಲ್ಲೂ ಇರುತ್ತಾರೆ.

ಹತ್ತು ದಿನದ ಮೇಲೆ ಕೆಳಗಡೆಯಿಂದ ಓನರ್ ಹೆಂಡತಿ ಆಂಟಿಯ ಕೂಗು ಕೇಳಿತು. ಒಗ್ಗರಣೆಗೆ ಎಸಳು ಕೀಳಲು ಹೋದರೆ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ; ಹಿಕ್ಕೆ ನಡೆಯುತ್ತಿದೆ! ಮರಿಹುಳ ಚಿಕ್ಕದಿರುವಾಗ ಹಾಗೇ ಕಾಣುತ್ತದೆ, ಹಕ್ಕಿಯ ಕಣ್ಣಿಗೆ ಮಣ್ಣೆರಚಲು. ದೊಡ್ಡದಾದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವೆಕೋಲಿನಂಥದ್ದೊಂದು ಹೊರಚಾಚಿ ಗಬ್ಬು ವಾಸನೆ ಬಿಡುತ್ತದೆ. ಅದು ಅದರ ನಾಯಿ ಇದೆ ಎಚ್ಚರಿಕೆ ಬೋರ್ಡು. ಓನರ್ ಬೋರ್ಡಿಗೆ ಹೆದರುವವರಲ್ಲ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆದರು, ಸಾಯಲಿಲ್ಲವೆಂದು ಇನ್ನೊಂದು ಬಾಟಲಿ ತಂದು ಹೊಡೆದರು. ಆಮೇಲೆ ನನ್ನನ್ನು ಕರೆದು, "ನೋಡಿ, ಚಿಟ್ಟೆಗೆ ಅಂತ ಮಾಡಿದ್ರೆ ಹುಳ ಬಂದು ಸೇರ್ಕೊಳ್ತು. ಒಳ್ಳೇದು ಮಾಡೋ ಕಾಲ ಅಲ್ಲ" ಎಂದು ನಿಟ್ಟುಸಿರುಬಿಟ್ಟರು.

ಹುಳ ಶುದ್ಧ ಸಸ್ಯಾಹಾರಿ ಸಾರ್, ಮೊಟ್ಟೆ ಹಾಕಿದ ಕೇಕನ್ನೂ ತಿನ್ನುವುದಿಲ್ಲ ಎಂದೆ. ಅವರು ನಗಲಿಲ್ಲ.

ತಮಾಷೆಯೆಂದರೆ ಆ ತೋಟಕ್ಕೆ ಒಬ್ಬ ಮಾಂಸಾಹಾರಿಯೂ ಬಂದಿದ್ದ. ದಾಸವಾಳದ ಕೊಂಬೆಗೆ ಹಿಟ್ಟು ತಿಗಣೆ ಹಿಡಿದಿತ್ತು. ಏಪ್‌ಫ್ಲೈ ಎಂಬ ಪುಟಾಣಿ ಬೂದು ಚಿಟ್ಟೆಯ ಹುಳ ಎಲೆ ಮುಟ್ಟುವುದಿಲ್ಲ, ಹಿಟ್ಟು ತಿಗಣೆಯನ್ನು ತಿಂದೇ ಬದುಕುತ್ತದೆ. ತಿಗಣೆಯ ಬಿಳಿ ಹಿಟ್ಟನ್ನೇ ಮೈಗೆ ಬಳಿದುಕೊಂಡು ಅವುಗಳ ನಡುವೆ ಕೂತಿರುತ್ತದೆ. ಅದರ ಕೋಶವನ್ನು ನೋಡಿದರೆ ಥೇಟ್ ಕೋತಿ ಮುಖ; ಹೆಸರು ಬಂದದ್ದೂ ಹಾಗೆಯೇ. ಇಡೀ ಕಾಂಪೌಂಡಿನಲ್ಲಿ ಬಾಡಿಗೆ ಕೊಟ್ಟು ಇದ್ದವನು ಅವನೊಬ್ಬನೇ ಎನ್ನಬೇಕು. ಅವನೂ ಬಾಟಲಿಗೆ ಹೋದ. ತಿಗಣೆ ಮಾತ್ರ ಹದಿನೈದು ದಿನಕ್ಕೆ ಮತ್ತೆ ಬಂತು.

ಮುಂದೆ ಓನರ್ ಆಸೆ ರಾಜ್ಯಮಟ್ಟಕ್ಕೆ ಏರಿತು. ಸಹ್ಯಾದ್ರಿ ಬರ್ಡ್‌ವಿಂಗ್ ನಮ್ಮ ರಾಜ್ಯದ ಚಿಟ್ಟೆ, ಮೈಮೇಲೆ ಹಳದಿ ಕೆಂಪು ಇರುವುದರಿಂದ ಬಾವುಟದ ಜತೆಗೂ ಹೊಂದುತ್ತದೆ. ಅದನ್ನು ನವೆಂಬರ್ 1ರೊಳಗೆ ಗಿರಿನಗರಕ್ಕೆ ಬರಮಾಡಿಕೊಳ್ಳಬೇಕೆಂದರು. ಅದು ಪಶ್ಚಿಮ ಘಟ್ಟದ ಕಾಡಿನ ಪ್ರಾಣಿ, ಹುಳಕ್ಕೆ ಈಶ್ವರಿ ಬಳ್ಳಿಯಂಥವು ಬೇಕು. ಔಷಧಿಯ ನೆಪದಲ್ಲಿ ಜನ ಅದರ ಬೇರು ಕೀಳುತ್ತ ಬಂದಿದ್ದಾರೆ. ಈ ಬರ್ಡ್‌ವಿಂಗ್ ರೆಕ್ಕೆ ಹರಡಿದರೆ 190 ಮಿಲಿಮೀಟರ್, ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ದಾಖಲೆ 1932ರಿಂದ ಅದರ ಹೆಸರಲ್ಲಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಒಂದನ್ನು ಅಳೆದು 194 ಎಂದರು. ನಾಲ್ಕೇ ನಾಲ್ಕು ಮಿಲಿಮೀಟರಿಗೆ ಉತ್ತರದವರು ಪಟ್ಟ ಕಿತ್ತುಕೊಂಡರು, ಇಲ್ಲಿ ಒಂದು ಬಂದ್ ಕೂಡ ಆಗಲಿಲ್ಲ!

ಬನ್ನೇರುಘಟ್ಟಕ್ಕೂ ಹೋಗಿ ಬಂದರು. ಅಲ್ಲಿ 2006ರಿಂದ ಚಿಟ್ಟೆ ಉದ್ಯಾನವಿದೆ. "ಟಿಕೆಟ್ ತಗೊಂಡೋರಿಗೆಲ್ಲ ಚಿಟ್ಟೆ ಕಾಣಿಸ್ತಾವೆ, ಇಷ್ಟು ಖರ್ಚು ಮಾಡಿದ ನಂಗಿಲ್ಲ" ಎಂದು ಸಂಜೆ ಬೇಸರ ಮಾಡಿಕೊಂಡರು. ಆನ್‌ಲೈನಿನಲ್ಲಿ ಬಂದ ಪ್ಲಾಸ್ಟಿಕ್ ತಟ್ಟೆಗೆ ಸಕ್ಕರೆ ನೀರು ಹಾಕಿ ನೇತುಹಾಕಿದ್ದರು. ಗಿರಿನಗರದ ಇರುವೆಗಳೆಲ್ಲ ಅವರ ಹೆಸರು ಹೇಳಿ ಕುಡಿದವು.

ಒಂದು ಕಡೆ ಮಾತ್ರ ಚಿಟ್ಟೆಗಳು ಗುಂಪುಗುಂಪಾಗಿ ಇಳಿಯುತ್ತಿದ್ದವು. ಆ ಜಾಗ ಹೇಳಲು ಸಂಕೋಚ. ಕಾಂಪೌಂಡ್ ಗೋಡೆಯ ಹೊರಬದಿ, ರಸ್ತೆಯಲ್ಲಿ ಹೋಗುವ ಗಂಡಸರು ಅವಸರಕ್ಕೆ ನಿಲ್ಲುತ್ತಿದ್ದ ಮೂಲೆ. ಹೂವಿನ ರಸದಲ್ಲಿ ಸಕ್ಕರೆಯಿದೆ, ಉಪ್ಪಿಲ್ಲ. ಉಪ್ಪಿಗಾಗಿ ಚಿಟ್ಟೆಗಳು ಒದ್ದೆ ಮಣ್ಣು, ಸಗಣಿ, ಮೂತ್ರ ಬಿದ್ದ ನೆಲ ಹುಡುಕುತ್ತವೆ. ಹಾಗೆ ಕೂಡುವವು ಹೆಚ್ಚಾಗಿ ಗಂಡುಗಳೇ. ಗೋಡೆಯ ಮುಂದೆ ನಿಲ್ಲುವವರೂ ಗಂಡುಗಳೇ, ಪ್ರಕೃತಿಗೆ ಎಂಥ ಶಿಸ್ತು ನೋಡಿ. ಹೀರಿದ ಉಪ್ಪನ್ನು ಗಂಡು ಕೂಡುವಾಗ ಹೆಣ್ಣಿಗೆ ಕೊಡುತ್ತದೆ, ಅದು ಮೊಟ್ಟೆಗೆ ಸೇರುತ್ತದೆ. ಉಪ್ಪಿನ ಋಣ ಎಂದರೆ ಇದೇ. ಚಿಟ್ಟೆಗಳಿಗೆ ಈ ಊರಿನ ಪುರುಷಸಮಾಜ ಬಿಡಿಗಾಸು ಕೇಳದೆ ಮಾಡುತ್ತಿದ್ದ ಏಕೈಕ ಸೇವೆಯನ್ನು ಓನರ್ ಗೋಡೆಗೆ ದೇವರ ಟೈಲ್ಸ್ ಅಂಟಿಸಿ ನಿಲ್ಲಿಸಿದರು. ವೈಯಕ್ತಿಕವಾಗಿ ನನಗೆ ಟೈಲ್ಸ್ ಬಗ್ಗೆ ತಕರಾರಿಲ್ಲ. ಆ ಮೂಲೆಯ ಮೇಲೆಯೇ ನಮ್ಮ ಕಿಟಕಿ.

ಗಣೇಶನ ಹಬ್ಬ ಕಳೆದ ವಾರ ಪಕ್ಕದ ಸೈಟಿನ ಯಜಮಾನರು ಜೆಸಿಬಿ ಕಳಿಸುತ್ತಾರೆಂದು ಸುದ್ದಿ ಬಂತು. ಹಾವು ಬರುತ್ತೆ, ಸೊಳ್ಳೆ ಬರುತ್ತೆ ಎಂದು ಅವರಿಗೆ ಫೋನಿನ ಮೇಲೆ ಫೋನು ಮಾಡಿದವರು ನಮ್ಮ ಓನರ್ರೇ. ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಬಂದ ಜೆಸಿಬಿ ಹತ್ತೂವರೆಗೆ ಎಕ್ಕ, ಔಡಲ, ತಗಟೆ ಎಲ್ಲವನ್ನೂ ಗುಡಿಸಿ ಒಂದು ಮೂಲೆಗೆ ತಳ್ಳಿತು. ಕೆಂಪು ಮಣ್ಣು ಕಂಡಿತು. ಚೆನ್ನಾಗಿ ಕಾಣುತ್ತಿದೆ ಎಂದು ಬೀದಿಯವರೆಲ್ಲ ಒಪ್ಪಿದರು.

ಮೂರನೆಯ ದಿನ ಓನರ್ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೇ ಬಂದರು, ಮೊಣಕಾಲು ನೋವಿನ ಮನುಷ್ಯ. ಮಿಲ್ಕ್‌ವೀಡಿನ ಮೇಲೆ ಹುಳ ಬಿದ್ದಿದೆಯಂತೆ. ಕಪ್ಪು, ಬಿಳಿ, ಹಳದಿ ಪಟ್ಟೆ. ಬಾಟಲಿ ಕೇಳಲು ಬಂದರೇನೋ ಎಂದುಕೊಂಡೆ. ಅವರ ಮುಖ ಮದುವೆಮನೆಯ ಹಾಗಿತ್ತು. ಫೋಟೋ ನ್ಯೂಜೆರ್ಸಿಗೆ ಹೋಗಿ, ಉತ್ತರ ಬಂದಾಗಿತ್ತು: ಮೊನಾರ್ಕ್! "ಅಲ್ಲಿಂದ ಇಲ್ಲೀವರೆಗೆ ಬಂದಿದಾವೆ ಅಂದ್ರೆ ಏನ್ರೀ!" ಅವರ ಕಣ್ಣು ಒದ್ದೆಯಾಗಿತ್ತು. ಅದೇ ಸಂಜೆ ಕುಂಡಗಳ ಸುತ್ತ ಸೊಳ್ಳೆಪರದೆ ಕಟ್ಟಿದರು. ಬಾಟಲಿಗಳು ಅಟ್ಟ ಸೇರಿದವು. ಎಲೆಗಳೆಲ್ಲ ಜರಡಿಯಾದರೂ, "ತಿನ್ಲಿ ಬಿಡಿ, ಪ್ರಯಾಣ ಮಾಡಿ ಬಂದಿರೋವು" ಎಂದರು ಆಂಟಿ. ಕರಿಬೇವಿನ ಹುಳಕ್ಕೆ ಇಷ್ಟು ಹೊತ್ತಿಗೆ ಅವರು ಮೂರು ತಲೆಮಾರು ಶಾಪ ಹಾಕಿದ್ದರು.

ನನ್ನ ಮಗಳು ಕೆಳಗೆ ಹೋಗಿ ಪರದೆಗೆ ಮೂಗು ತಾಗಿಸಿ ನಿಂತಿದ್ದಳು. ಓನರ್ ಮೊಬೈಲಿನಲ್ಲಿ ಅಮೆರಿಕದ ಹುಳದ ಚಿತ್ರ ತೋರಿಸಿದರಂತೆ. "ಇದಕ್ಕೆ ಎರಡು ಜೊತೆ ಕೊಂಬಿದೆ ತಾತ, ನಮ್ಮದಕ್ಕೆ ಮೂರು ಜೊತೆ" ಎಂದಳಂತೆ. ಮೊನಾರ್ಕಿಗೆ ಎರಡು, ಪ್ಲೇನ್ ಟೈಗರಿಗೆ ಮೂರು, ಅವಳ ಲೆಕ್ಕ ಸರಿಯಾಗಿತ್ತು. "ಇಲ್ಲಿಯ ಹವಕ್ಕೆ ಒಂದು ಜೊತೆ ಜಾಸ್ತಿ ಬಂದಿರತ್ತೆ ಪುಟ್ಟಿ. ನೀನು ಸ್ವಲ್ಪ ದೂರ ನಿಂತು ನೋಡು, ಫಾರಿನ್ನವು, ಮಕ್ಕಳ ಕೈ ತಾಗಬಾರದು" ಎಂದರಂತೆ.

ನಾನೂ ತಿದ್ದಲು ಹೋಗಲಿಲ್ಲ. ಈ ಸಲ ಅಗ್ರಿಮೆಂಟಿನಲ್ಲಿ ಬಾಡಿಗೆ ಶೇಕಡಾ 5ರಷ್ಟೇ ಏರಿತ್ತು, ಮುಂದಿನ ವರ್ಷವೂ ಅಷ್ಟರಲ್ಲೇ ಇರಲಿ ಎಂದು ಆಸೆ.

ರಾತ್ರಿ ಊಟವಾದ ಮೇಲೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಗೆ ಇಣುಕಿದಳು. ಕೆಳಗಡೆ ದೀಪ ಆರಿತ್ತು. ಸ್ಕೂಲ್ ಬ್ಯಾಗಿನಿಂದ ಟಿಫಿನ್ ಡಬ್ಬಿ ತೆಗೆದಳು. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದಳು. ಒಳಗೆ ಬಾಡಿದ ಎಕ್ಕದೆಲೆ.

"ಅಪ್ಪಾ, ಜೆಸಿಬಿ ಬರೋ ಹಿಂದಿನ ದಿನ ತಂದಿದ್ದರಲ್ಲಿ ಇನ್ನೂ ಮೂರು ಉಳಿದಿವೆ. ಇವತ್ತೇ ಬಿಟ್ಟು ಬರಲಾ?"