ಸಿಂಧನೂರಿನ ಕ್ರೂಸರ್ ಪ್ರಮೇಯ

ಎಲ್ಲರಿಗೂ ಬೇಕಿರುವುದು ಒಂದೇ. ಆದರೆ ಉಳಿದವರು ಏನು ಮಾಡುತ್ತಾರೋ ತಿಳಿಯದೆ ಯಾರೂ ಹೆಜ್ಜೆ ಎತ್ತುವುದಿಲ್ಲ. ಆಟದ ಸಿದ್ಧಾಂತದವರ ಈ ತಲೆನೋವಿನ ಬಗ್ಗೆ ಥಾಮಸ್ ಶೆಲ್ಲಿಂಗ್ 1960ರಲ್ಲಿ ಪುಸ್ತಕ ಬರೆದರು, 2005ರಲ್ಲಿ ನೊಬೆಲ್ ಪಡೆದರು. ಮೊದಲೇ ಮಾತಾಡಿಕೊಳ್ಳದ ಇಬ್ಬರು ನ್ಯೂಯಾರ್ಕಿನಲ್ಲಿ ಎಲ್ಲಿ ಭೇಟಿಯಾಗಬೇಕೆಂದು ಅವರು ಕೇಳಿದಾಗ ಹೆಚ್ಚಿನವರು ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವೆಂದರು. ಸಿಂಧನೂರಿನವರನ್ನು ಕೇಳಿದ್ದರೆ ಗಾಂಧಿ ವೃತ್ತ ಎನ್ನುತ್ತಿದ್ದರು. ನೊಬೆಲ್ ಮಾತ್ರ ಬರುತ್ತಿರಲಿಲ್ಲ.

ಪ್ರಸ್ತುತ ಪ್ರಬಂಧದ ಅಧ್ಯಯನ ಕ್ಷೇತ್ರ, ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ರಸ್ತೆ. ಸಂಶೋಧನಾ ಉಪಕರಣ, ಒಂದು ಖಾಲಿ ಕ್ರೂಸರ್.

ಖಾಲಿ ಗಾಡಿಗೆ ಮೊದಲು ಹತ್ತಿದವನು ಅದು ತುಂಬಿ ಹೊರಡುವವರೆಗೆ ಒಳಗೇ ಬೇಯುತ್ತಾನೆ. ಆದ್ದರಿಂದ ಯಾರೂ ಹತ್ತುವುದಿಲ್ಲ. ಯಾರೂ ಹತ್ತದ್ದರಿಂದ ಗಾಡಿ ಖಾಲಿಯೇ. ಹತ್ತು ಮಂದಿ ಚಹಾದಂಗಡಿಯ ನೆರಳಿನಲ್ಲಿ, ತಮಗೂ ಆ ಗಾಡಿಗೂ ಸಂಬಂಧವೇ ಇಲ್ಲವೆಂಬ ಮುಖ ಮಾಡಿ ನಿಂತಿರುತ್ತಾರೆ. ಪಂಡಿತರು ಈ ಸ್ಥಿತಿಯನ್ನು ಸಮತೋಲನ ಎನ್ನುತ್ತಾರೆ. ಡ್ರೈವರ್ ಅನ್ನುವುದು ಅಚ್ಚಿಗೆ ಯೋಗ್ಯವಲ್ಲ.

ಪರಿಹಾರವೂ ಅವನದೇ. ಸ್ಟ್ಯಾಂಡಿನ ಇಬ್ಬರು ಹುಡುಗರನ್ನು ಕಿಟಕಿ ಪಕ್ಕ ಕೂಡಿಸಿ, ಗಾಡಿ ಚಾಲೂ ಮಾಡಿ, ಒಂದು ಮಾರು ಮುಂದೆ ತಂದು, "ಹೊಂಟ್ತ್ರೀ ಮಸ್ಕಿ, ಲಿಂಗಸ್ಗೂರ! ಇನ್ನಿಬ್ರ ಬಂದ್ರ ಬಿಟ್ಟೆ ನೋಡ್ರೀ!" ಎಂದು ಕೂಗುತ್ತಾನೆ. ಕ್ಷಣದಲ್ಲಿ ನೆರಳು ಖಾಲಿ. ಸೀಟು ತುಂಬಿದ ಮೇಲೆ ಆ ಹುಡುಗರು ಇಳಿದು ಹಿಂದಿನ ಗಾಡಿಗೆ ಪ್ರಯಾಣಿಕರಾಗುತ್ತಾರೆ. ಇದಕ್ಕೆ ಇನ್ನೂ ಯಾರೂ ಡಾಕ್ಟರೇಟ್ ಕೊಟ್ಟಿಲ್ಲ.

ಮಸ್ಕಿಯವರ ವಿಧಾನ ಇನ್ನೂ ಹಳೆಯದು. ವಿಷಯ ಎಲ್ಲರಿಗೂ ಗೊತ್ತಾದರೆ ಸಾಲದು. ಎಲ್ಲರಿಗೂ ಗೊತ್ತಿದೆಯೆಂಬುದೂ ಎಲ್ಲರಿಗೂ ಗೊತ್ತಿರಬೇಕು. ಸಣ್ಣವರಿಗೂ ದೊಡ್ಡವರಿಗೂ ತಿಳಿಸಿರೆಂದು ಅಶೋಕ ಇಲ್ಲಿನ ಬಂಡೆಯ ಮೇಲೆಯೇ ಬರೆಸಿದ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ 'ಅಶೋಕ' ಎಂಬ ಹೆಸರೂ ಅದರಲ್ಲಿದ್ದುದರಿಂದ, ಇಬ್ಬರೂ ಒಬ್ಬನೇ ಎಂದು ಇತಿಹಾಸಕಾರರೂ ಒಂದು ಮಾತಿಗೆ ಬಂದರು. ಇತಿಹಾಸಕಾರರನ್ನೇ ಒಪ್ಪಿಸಿದ ಬಂಡೆ ಅದು!

ಕಾಲುವೆಯ ಮೇಲೆ ಮಾತ್ರ ಈ ಎರಡೂ ಉಪಾಯ ನಡೆಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಹೆಚ್ಚಿನ ಭಾಗಕ್ಕೆ ಯೋಜನೆಯವರು ಬರೆದಿಟ್ಟದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಸಿಂಧನೂರು ಹಚ್ಚಿದ್ದು ಭತ್ತ. ರೈತನನ್ನು ಬೈಯುವುದು ಸುಲಭ. ಆದರೆ ಸುತ್ತ ಗದ್ದೆಯಿದ್ದು ನಡುವೆ ಒಬ್ಬನೇ ಜೋಳ ಬಿತ್ತಿದರೆ ಬಸಿನೀರು ನುಗ್ಗಿ ಹೊಲ ಜವುಳಾಗುತ್ತದೆ; ಅದರಲ್ಲೂ ತೆನೆ ಕಟ್ಟಿದ್ದು ಊರಿನ ಹಕ್ಕಿಗಳ ಪಾಲು. ಎಲ್ಲರೂ ಜೋಳವಾದರೆ ಜೋಳ, ಎಲ್ಲರೂ ಭತ್ತವಾದರೆ ಭತ್ತ. ಒಬ್ಬನೇ ಶಾಣ್ಯಾ ಆದವನು ಮುಳುಗುತ್ತಾನೆ, ಬಸಿನೀರಿನಲ್ಲೇ.

ನೀರಾವರಿ ಸಲಹಾ ಸಮಿತಿ ಸಭೆ ಸೇರಿ ನೀರು ಬಿಡುವ ದಿನ ಗೊತ್ತುಮಾಡುತ್ತದೆ. ನಿಗದಿಯಾದ ಬೆಳೆ ಯಾವುದೆಂಬುದು ಎಲ್ಲರಿಗೂ ಗೊತ್ತು. ಅದನ್ನು ಯಾರೂ ಹಾಕುವುದಿಲ್ಲವೆಂಬುದೂ ಎಲ್ಲರಿಗೂ ಗೊತ್ತು. ಮೇಲ್ಭಾಗ ಕುಡಿದು ಮಿಕ್ಕದ್ದು ಕೊನೆಭಾಗಕ್ಕೆ ತಲುಪದಿದ್ದಾಗ ರಸ್ತೆ ತಡೆ ನಡೆಯುತ್ತದೆ. ಅದಕ್ಕೆ ಮಾತ್ರ ಎಲ್ಲರೂ ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೆ ಬಂದಿರುತ್ತಾರೆ.